ಕಾಕುವಿನ ಬಾಯಿಗಿಟ್ಟ ತುತ್ತು

ತಿಮೋತಿಗೆ ಭಾಷಣ ಮಾಡಲು ಬರುತ್ತಿತ್ತು, ‘ಆಗೋದಿಲ್ಲ’ ಅನ್ನಲು ಬರುತ್ತಿರಲಿಲ್ಲ. ಕೆಲಗೇರಿ ಕೆರೆಯ ಆಚೆಗಿರುವ ಬೇಥಾನ್ಯ ವಿಶ್ರಾಂತಿಧಾಮಕ್ಕೆ ಅವನನ್ನು ಮೇಲ್ವಿಚಾರಕನನ್ನಾಗಿ ಆರಿಸಿದವರು ಮೊದಲನೆಯದನ್ನು ನೋಡಿದ್ದರು, ಎರಡನೆಯದನ್ನು ನೋಡಿರಲಿಲ್ಲ. ಚರ್ಚಿನ ಹಿರಿಯರು, ಅಂದರೆ ನಿವೃತ್ತ ಮಾಸ್ತರರು, ನರ್ಸಮ್ಮಗಳು, ರೈಲ್ವೆಯವರು, ಆ ಧಾಮದಲ್ಲಿ ಒಂದೊಂದು ಕೋಣೆ ಹಿಡಿದು ಇದ್ದರು. ಆವರಣದ ಮೂಲೆಯಲ್ಲಿದ್ದ ಮೇಲ್ವಿಚಾರಕರ ಮನೆಯಲ್ಲಿ ತಿಮೋತಿ, ಹೆಂಡತಿ ರೆಬೆಕಾ, ಮಗಳು ಜೆಸ್ಲಿನ್, ತಾಯಿ ಫ್ಲೋರೆನ್ಸಬಾಯಿ. ಊಟದ ಹೊತ್ತಿಗೆ ಮಾತ್ರ ಐದು ತಾಟು ಬೀಳುತ್ತಿದ್ದವು. ಐದನೆಯದು ಧಾಮದ ಕೋಣೆಯಲ್ಲಿದ್ದ ರಜನಿ ಕಾಕುವಿನದು.

ಕಾಕು ಮಾಳಮಡ್ಡಿಯ ವೈದಿಕರ ಮನೆಯ ಮಗಳು. ಮಿಷನ್ ಸಾಲೆಯಲ್ಲಿ ಸಂಗೀತ ಕಲಿಸುತ್ತಿದ್ದಾಗ ಅಲ್ಲೇ ಡ್ರಾಯಿಂಗ್ ಮಾಸ್ತರರಾಗಿದ್ದ ತಿಮೋತಿಯ ಚಿಕ್ಕಪ್ಪ ಜಯಶೀಲನನ್ನು ಮದುವೆಯಾದಳು. ಎರಡೂ ಮನೆಯಲ್ಲಿ ರಂಪಾಟ ನಡೆದು, ಕೊನೆಗೆ ಆಕೆ ದೀಕ್ಷಾಸ್ನಾನ ತೆಗೆದುಕೊಂಡ ಮೇಲೆ ಈ ಕಡೆಯವರು ತಣ್ಣಗಾದರು, ಆ ಕಡೆಯವರು ಬಾಗಿಲು ಹಾಕಿಕೊಂಡರು. ಚರ್ಚಿನಲ್ಲಿ ಆಕೆಗೆ ರೂತ್ ಎಂದು ಹೆಸರಾಯಿತು. ಮನೆಯಲ್ಲಿ ಯಾರೂ ಹಾಗೆ ಕರೆಯಲಿಲ್ಲ. ಮಾಂಸ ತಿನ್ನು ಎಂದೂ ಯಾರೂ ಒತ್ತಾಯ ಮಾಡಲಿಲ್ಲ. ರವಿವಾರ ಮಟನ್ ಸಾರು ಕುದಿಯುವಾಗ ಕಾಕುವಿನ ಬೇಳೆಗೆ ಬೇರೆ ಪಾತೇಲಿ, ಬೇರೆ ಸೌಟು. ಫ್ಲೋರೆನ್ಸಬಾಯಿ ಹಾಕಿಕೊಟ್ಟ ಈ ಪದ್ಧತಿಯನ್ನು ರೆಬೆಕಾ ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದಳು. ಮಕ್ಕಳಿಲ್ಲದ ಕಾಕು ತಿಮೋತಿಯನ್ನೇ ಮಗನೆಂದು ಸಾಕಿದ್ದಳು. ಚಿಕ್ಕಂದಿನಲ್ಲಿ ಅವನ ಮಧ್ಯಾಹ್ನದ ಊಟವೆಲ್ಲ ಆಕೆಯ ಕೈಯದೇ.

ಆ ಸಂಜೆ ಕಮಿಟಿ ಮುಗಿಸಿ ಬಂದ ತಿಮೋತಿ ತಾಟಿನ ಮುಂದೆ ಕೂತು ರೊಟ್ಟಿ ಮುರಿಯುತ್ತಲೇ ಇದ್ದ, ಒಂದು ಚೂರೂ ಬಾಯಿಗೆ ಹೋಗಲಿಲ್ಲ. ಹಲ್ಲುನೋವೆಂದು ಕಾಕು ಊಟಕ್ಕೆ ಬಂದಿರಲಿಲ್ಲ, ಅದೊಂದು ಪುಣ್ಯ.

“ಏನಂದ್ರಂತ?” ಎಂದಳು ರೆಬೆಕಾ.

“ಡೆನ್ನಿಸ್ ಅಂಕಲ್ ಎದ್ದು ನಿಂತು ಹೇಳಿದ್ರು. ರೂತಮ್ಮ ಈಸ್ಟರಿನಿಂದ ಕರ್ತನ ಭೋಜನ ತೊಗೊಂಡಿಲ್ಲ, ರೊಟ್ಟಿ ಮುಂದ ಬಂದ್ರ ತಲಿ ಅಲ್ಲಾಡಸ್ತಾರ, ನಸುಕಿನ್ಯಾಗ ಎದ್ದು ತಮ್ಮ ಅಪ್ಪ ಕಲಿಸಿದ ದೇವರ ಪದ ಹಾಡ್ತಾರ, ಇದು ನಮ್ಮ ಧಾಮೋ ಮತ್ತೊಬ್ಬರ ಮಠೋ ಅಂತ.”

“ಅಧ್ಯಕ್ಷರು?”

“ಮುಂದಿನ ತಿಂಗಳ ಮೊದಲನೇ ರವಿವಾರ ಕಡಿ ಅವಕಾಶ ಅಂದ್ರು. ಅವತ್ತೂ ತೊಗೊಳ್ಳಲಿಲ್ಲಂದ್ರ ಕೋಣಿ ಬಿಡಸಬೇಕಂತ. ಭೋಜನದಾಗ ಪಾಲು ತೊಗೊಳ್ಳೋ ಸದಸ್ಯರಿಗಷ್ಟ ಕೋಣಿ ಅನ್ನೋದು ಮೊದಲಿನ ನಿಯಮ.”

ಪ್ರತಿ ತಿಂಗಳ ಮೊದಲ ರವಿವಾರ ಧಾಮದ ಪ್ರಾರ್ಥನಾಮಂದಿರದಲ್ಲಿ ಸಭಾಪಾಲಕರು, ಅಂದರೆ ಪಾದ್ರಿಗಳು, ಕರ್ತನ ಭೋಜನವೆಂದು ಒಬ್ಬೊಬ್ಬರಿಗೂ ರೊಟ್ಟಿಯ ಚೂರು ಕೊಟ್ಟು ಬರುತ್ತಿದ್ದರು. ಅವರ ಹಿಂದೆ ಸಣ್ಣ ಬಟ್ಟಲುಗಳ ತಟ್ಟೆ ಹಿಡಿದು ದ್ರಾಕ್ಷಾರಸ ಕೊಡುವ ಕೆಲಸ ಸಭಾಹಿರಿಯನಾದ ತಿಮೋತಿಯದು. ಕಾಕು ಬೇಡವೆಂದು ತಲೆಯಾಡಿಸಿದ್ದನ್ನು ಎಲ್ಲರಿಗಿಂತ ಮೊದಲು ನೋಡಿದವನು ಅವನೇ. ಸಭೆಯೆಲ್ಲ ತನ್ನ ಮನೆಯ ಮಾನವನ್ನೇ ನೋಡುತ್ತಿದೆ ಎಂದು ಅವನಿಗೆ ಆವತ್ತೇ ಮುಖ ಕೆಂಪಾಗಿತ್ತು.

“ಕೋಣಿ ಬಿಡ್ಸೋದು ಯಾರು?” ಎಂದಳು ಜೆಸ್ಲಿನ್. ಹುಬ್ಬಳ್ಳಿಯ ಲ್ಯಾಬಿನಲ್ಲಿ ದಿನವಿಡೀ ರಕ್ತ ಪರೀಕ್ಷೆ ಮಾಡಿ ಬರುವ ಹುಡುಗಿ, ಮಾತು ಸೂಜಿಯ ಹಾಗೆ ಚುಚ್ಚುತ್ತಿತ್ತು. “ಮೇಲ್ವಿಚಾರಕರ ಅಲ್ಲ? ಅಂದ್ರ ನೀವು.”

“ನೀ ಸುಮ್ನಿರು,” ಎಂದು ರೆಬೆಕಾ ಗದರಿಸಿದಳು. “ಕೋಣಿ ಬಿಡ್ಸಲಿಲ್ಲಂದ್ರ ಈ ಮನಿ ಬಿಡ್ಸ್ತಾರ. ಆಮ್ಯಾಲ ನಾವೆಲ್ಲಾರೂ ಕೆರಿ ದಂಡಿಗೆ ಕುಂದ್ರೂಣು.”

ಫ್ಲೋರೆನ್ಸಬಾಯಿ ಅದುವರೆಗೆ ಹುರುಳಿ ಸಾರನ್ನು ಅನ್ನಕ್ಕೆ ಕಲಸುತ್ತಿದ್ದವರು ತಲೆ ಎತ್ತಿದರು. “ಹೆಂಗಾರ ಮಾಡಿ ಆಕಿ ಬಾಯಾಗ ಒಂದ್ ತುತ್ತು ಹಾಕಿಬಿಡೋ ತಿಮ್ಮಾ. ದೇವರು ನೋಡ್ಕೋತಾನ. ನನ್ನ ನೆಗೆಣ್ಣಿ ಈ ವಯಸ್ಸಿನ್ಯಾಗ ಎಲ್ಲಿ ಹೋಗಬೇಕು?”

ಮರುದಿನ ಮುಂಜಾನೆ ತಿಮೋತಿ ಕಾಕುವಿನ ಕೋಣೆಗೆ ಹೋದ. ಆಕೆ ಚಹಾ ಸೋಸುತ್ತಿದ್ದಳು. ಕಾಕಾ ಬರೆದ ಜಲವರ್ಣದ ಚಿತ್ರಗಳು ಗೋಡೆ ತುಂಬ. ಈ ಕೋಣೆಗೆ ಗಂಡಹೆಂಡತಿ ಇಬ್ಬರೂ ಬಂದಿದ್ದರು, ಕಾಕಾ ತೀರಿಕೊಂಡದ್ದೂ ಇಲ್ಲಿಯೇ. ಕಿಟಕಿಯಿಂದ ಕೆರೆಯ ಒಂದು ಪಟ್ಟಿ ಕಾಣುತ್ತಿತ್ತು. ಬೇರೆ ಯಾವ ಊರು, ಯಾವ ಮನೆ ತೋರಿಸಿದರೂ ಕಾಕು ಇದನ್ನು ಬಿಡುವವಳಲ್ಲ.

“ಕಮಿಟಿಯವರು ಕಳಿಸ್ಯಾರೇನು?” ಎಂದು ಆಕೆಯೇ ಕೇಳಿದಳು.

“ಒಂದ್ ಚೂರು ರೊಟ್ಟಿ ಕಾಕು. ತಿಂಗಳಿಗೊಮ್ಮೆ. ಇಷ್ಟು ವರ್ಷ ತೊಗೊಂಡೀಯಲ್ಲ?”

“ನಿಮ್ಮ ಕಾಕಾನ ಮಗ್ಗಲಿಗೆ ಕೂತು ತೊಗೊಂಡೆ. ಅವರ ಸಂಗಾಟ ಊಟಕ್ಕ ಕೂತಂಗ ಇತ್ತು ಅದು. ಈಗ ಒಬ್ಬಾಕೀನ ಕೈ ಚಾಚಬೇಕಾದ್ರ, ಖರೇನ ನಂಬ್ತೀಯೇನು ಅಂತ ಒಳಗಿಂದ ಯಾರೋ ಕೇಳ್ತಾರ. ನನ್ನ ಕಡೆ ಉತ್ತರ ಇಲ್ಲ. ಉತ್ತರ ಇಲ್ಲದ ಕೈ ಚಾಚಿದ್ರ ನಿಮ್ಮ ದೇವರಿಗೂ ಸುಳ್ಳು, ನನಗೂ ಸುಳ್ಳು.”

“ಹಂಗಾರ ಮುಂಜಾನೆ ಹಾಡೋದು?”

“ಅಪ್ಪ ಕಲಿಸಿದ್ದು ಗಂಟಲಿನ್ಯಾಗ ಅದ, ಬರ್ತದ. ಅದಕ್ಕ ಯಾಕ ಇಷ್ಟು ಗದ್ದಲ?” ಆಕೆ ಕಪ್ಪು ಮುಂದಿಟ್ಟಳು. “ಅಲ್ಲೋ ತಿಮ್ಮಾ, ನಿನಗರ ತಿಳೀತದ ಅಂದ್ಕೊಂಡಿದ್ದೆ. ಗಬ್ಬೂರಿನ್ಯಾಗ ಅಷ್ಟು ಛಲೋ ಮಾತಾಡಿದಿ.”

ತಿಮೋತಿ ಚಹಾದ ಕಡೆ ನೋಡಿದ. ಹೋದ ವರ್ಷ ಗಬ್ಬೂರಿನಲ್ಲಿ ರೆಬೆಕಾಳ ತಮ್ಮನ ಮನೆಯ ಪ್ರಾರ್ಥನೆಗೆ ಜನ ನುಗ್ಗಿ, ಒತ್ತಾಯದ ಮತಾಂತರವೆಂದು ಕೂಗಾಡಿ, ವಿಷಯ ಪೊಲೀಸ್ ಠಾಣೆಗೆ ಹೋಗಿತ್ತು. ಎಲ್ಲರೂ ಅಂಜಿ ಗೋಡೆಗೆ ಒರಗಿ ನಿಂತಾಗ ತಿಮೋತಿ ಮುಂದೆ ಬಂದು, ‘ನಂಬಿಗಿ ಅನ್ನೋದು ಒಬ್ಬರ ಬಾಯಾಗ ಇನ್ನೊಬ್ಬರು ತುರುಕೋ ವಸ್ತು ಅಲ್ಲರಿ ಸಾಹೇಬ್ರ’ ಅಂದಿದ್ದ. ಸಭೆಯಲ್ಲಿ ಆ ಮಾತನ್ನು ಇನ್ನೂ ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಅವನು ಬೇಡವೆನ್ನುವಂತೆ ಕೈಯಾಡಿಸಿ ಒಳಗೊಳಗೇ ಹಿಗ್ಗುತ್ತಿದ್ದ.

ಆ ವಾರ ಕಾಕುವಿನ ಅಣ್ಣನ ಮಗ ತ್ರ್ಯಂಬಕ ಬಂದ. ಸುದ್ದಿ ಹೇಗೋ ಮಾಳಮಡ್ಡಿ ಮುಟ್ಟಿತ್ತು. ಇಷ್ಟು ವರ್ಷ ಹಬ್ಬಕ್ಕೊಂದು ಫೋನು ಮಾಡದವನು ಫೇಡೆ ಡಬ್ಬಿ ಹಿಡಿದು ಬಂದು, ರೆಬೆಕಾ ಕೊಟ್ಟ ಚಹಾವನ್ನು ಮುಟ್ಟದೆ ಕೂತ.

“ಅತ್ಯಾ, ಮೂಲಿ ಖೋಲಿ ಖಾಲಿ ಅದ. ನೀ ಬಾ. ನಮ್ಮ ಗುರುಗಳ ಕಡೆ ಒಂದು ಸಣ್ಣ ಶುದ್ಧಿ ಮಾಡಸ್ತೀನಿ. ಸುಮ್ನ ಮಣಿ ಮ್ಯಾಲ ಕೂತು, ಅವರು ಕೊಟ್ಟ ಪಂಚಗವ್ಯ ಬಾಯಾಗ ಹಾಕ್ಕೊಂಡ್ರ ಮುಗೀತು.”

ಕಾಕು ಗಟ್ಟಿಯಾಗಿ ನಕ್ಕಳು. “ಅಲ್ಲೂ ಬಾಯಿ ತಗೀಬೇಕು, ಇಲ್ಲೂ ಬಾಯಿ ತಗೀಬೇಕು. ನನ್ನ ಹೊಟ್ಟಿ ಮ್ಯಾಲ ಎಷ್ಟು ಮಂದಿಗೆ ಕಾಳಜೀನೋ ತ್ರ್ಯಂಬಕಾ!”

ತ್ರ್ಯಂಬಕ ಬೇಸರಿಸಿಕೊಂಡು ಎದ್ದು ಹೋದ. ಅವನ ಕಾರು ಗೇಟು ದಾಟುವುದನ್ನು ನೋಡುತ್ತ ನಿಂತ ತಿಮೋತಿಗೆ, ಕಾಕುವಿಗೆ ಈ ಕೋಣೆ ಬಿಟ್ಟು ಬೇರೆ ಆಸರೆಯೇ ಇಲ್ಲ ಅನ್ನುವುದು ಖಾತ್ರಿಯಾಯಿತು. ಕಮಿಟಿಯ ಮುಂದೆ ನಿಂತು, ‘ಆಕಿ ಇರತಾಳ, ಏನ್ ಮಾಡ್ತೀರಿ ಮಾಡ್ರಿ’ ಅನ್ನುವ ದಾರಿಯೊಂದಿತ್ತು. ಆ ದಾರಿ ಅವನ ಕಣ್ಣಿಗೆ ಬಿದ್ದಿತ್ತು ಕೂಡ. ಆದರೆ ಅವನು ಯಾವತ್ತೂ ತನ್ನವರೆದುರು ಮಾತಾಡಿದವನಲ್ಲ, ಪರರೆದುರು ಮಾತ್ರ ಅವನ ನಾಲಿಗೆಗೆ ಧೈರ್ಯ ಬರುತ್ತಿತ್ತು.

ಮೊದಲನೇ ರವಿವಾರದ ಹಿಂದಿನ ದಿನ ಕಾಕುವಿಗೆ ಜ್ವರ ಬಂತು. ಡಾಕ್ಟರು ಗುಳಿಗೆ ಕೊಟ್ಟರು, ನಿದ್ದೆ ಬರುತ್ತದೆ, ಮಲಗಿರಲಿ ಅಂದರು. ರವಿವಾರ ಆರಾಧನೆ ಮುಗಿಯುತ್ತಲೇ ಸಭಾಪಾಲಕರು ಎಂದಿನಂತೆ ಹಾಸಿಗೆ ಹಿಡಿದವರ ಕೋಣೆಗಳಿಗೆ ಹೊರಟರು. ನುಂಗಲು ಕಷ್ಟಪಡುವವರಿಗೆ ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ನೆನೆಸಿ ಕೊಡುವ ರೂಢಿ. ಕೊನೆಯ ಕೋಣೆ ಮುಗಿದಾಗ ತಿಮೋತಿಯ ಬಾಯಿಂದ ಮಾತು ಬಂದೇಬಿಟ್ಟಿತು.

“ಕಾಕುನೂ ಕೇಳ್ಯಾಳ್ರಿ. ಜ್ವರ ಐತಿ, ಎದ್ದು ಬರಾಕ ಆಗಲಿಲ್ಲ.”

“ದೇವರಿಗೆ ಸ್ತೋತ್ರ!” ಎಂದರು ಸಭಾಪಾಲಕರು. ಅವರ ಮುಖ ನಿಜವಾಗಿಯೂ ಅರಳಿತು, ಒಳ್ಳೆಯ ಮನುಷ್ಯ.

ಕೋಣೆಯಲ್ಲಿ ಕಾಕು ಅರೆಗಣ್ಣು ಮಾಡಿಕೊಂಡು ಮಲಗಿದ್ದಳು. ಸಭಾಪಾಲಕರು ಪುಸ್ತಕ ತೆರೆದು ಓದಿ, ರೊಟ್ಟಿಯನ್ನು ನೆನೆಸಿ ತಿಮೋತಿಯ ಕೈಗಿತ್ತು, ಕಣ್ಣು ಮುಚ್ಚಿ ದನಿ ಎತ್ತಿ ಪ್ರಾರ್ಥನೆ ಶುರು ಮಾಡಿದರು. ತಿಮೋತಿ ಕಾಕುವಿನ ತಲೆಯ ಕೆಳಗೆ ಕೈಯಿಟ್ಟು ಎತ್ತಿದ. ಕೂದಲು ಬೆವರಿಗೆ ತೊಯ್ದಿತ್ತು.

“ಕಾಕು, ಬಾಯಿ ತಗೀ.”

“ಔಷಧ ಏನೋ?” ಎಂದಳು ಆಕೆ ಸಣ್ಣ ದನಿಯಲ್ಲಿ.

“ಹೂಂ. ನುಂಗು.”

ಆಕೆ ಬಾಯಿ ತೆರೆದಳು. ನುಂಗಿದಳು. ಅವನ ಕೈಯನ್ನು ಒಮ್ಮೆ ಸವರಿ ಮತ್ತೆ ಕಣ್ಣು ಮುಚ್ಚಿದಳು. ತಿಮೋತಿ ತಿರುಗಿ ನೋಡಿದಾಗ ಗಂಜಿಯ ಡಬ್ಬಿ ಹಿಡಿದ ಜೆಸ್ಲಿನ್ ಬಾಗಿಲಲ್ಲಿ ನಿಂತಿದ್ದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಕಮಿಟಿಗೆ ಸುದ್ದಿ ಮುಟ್ಟಿತು, ಮಾತು ಮುಗಿಯಿತು. ಅಧ್ಯಕ್ಷರು ಫೋನು ಮಾಡಿ, ‘ನಿಮ್ಮ ಕೈಗುಣ ಭಾರಿ ಛಲೋರಿ’ ಅಂದರು. ರೆಬೆಕಾಗೆ ಎದೆಯ ಮೇಲಿನ ಕಲ್ಲು ಇಳಿಯಿತು. ಹೇಗಾಯಿತೆಂದು ಅವಳು ಕೇಳಲಿಲ್ಲ, ಕೇಳಬಾರದೆಂದೇ ಕೇಳಲಿಲ್ಲ. ಕಾಕು ಚೇತರಿಸಿಕೊಂಡು ಮೊದಲ ದಿನ ಎದ್ದು ಓಡಾಡಿದಾಗ ಸಜ್ಜಿಗೆ ಮಾಡಿ ತಿಮೋತಿಯನ್ನು ಕೋಣೆಗೆ ಕರೆದಳು.

“ರವಿವಾರ ಹೋಯ್ತು, ಯಾರೂ ಕೋಣಿ ಬಿಡು ಅನ್ನಲಿಲ್ಲ. ಡೆನ್ನಿಸ್ ಸೈತ ನೋಡಿ ನಕ್ಕ. ನೀ ನನ್ನ ಪರವಾಗಿ ಮಾತಾಡಿದಿ, ಹೌದಲ್ಲೋ?”

ತಿಮೋತಿಯ ಬಾಯಲ್ಲಿ ಸಜ್ಜಿಗೆ ಇತ್ತು.

“ಹೇಳಬ್ಯಾಡ ಬಿಡು, ನಿನಗ ಸಂಕೋಚ. ನಾ ನಿನ್ನ ಮ್ಯಾಲ ಸಂಶೇ ಪಟ್ಟಿದ್ದೆ, ಏನರ ಮಾಡಿ ನನ್ನ ಸಾಗಹಾಕ್ತಾನ ಅಂತ. ತಪ್ಪಾತಪ್ಪಾ.” ಆಕೆ ಇನ್ನೊಂದು ಚಮಚೆ ಹಾಕಿದಳು. ಅವನು ಅದನ್ನೂ ತಿಂದ. ತಾಟು ಖಾಲಿ ಮಾಡಿ, ತೊಳೆದಿಟ್ಟು ಬಂದ.

ಮುಂದಿನ ರವಿವಾರ ಊಟದ ಮನೆಯಲ್ಲಿ ಮಟನ್ ಸಾರಿನ ವಾಸನೆ ತುಂಬಿತ್ತು. ಕಾಕು ಇನ್ನೂ ಬಂದಿರಲಿಲ್ಲ. ರೆಬೆಕಾ ಗಡಿಬಿಡಿಯಲ್ಲಿ ಸಾರಿನ ಸೌಟನ್ನೇ ಬೇಳೆಯ ಪಾತೇಲಿಗೆ ಇಳಿಸಹೋಗಿ, “ಅಯ್ಯ, ಇದಲ್ಲ!” ಎಂದು ಹಿಂದೆ ತೆಗೆದಳು.

“ಇಳಸ್ರಿ ಮಮ್ಮಿ,” ಎಂದಳು ಜೆಸ್ಲಿನ್. “ಇನ್ನ ಯಾಕ ಬ್ಯಾರೆ ಸೌಟು?”

“ಏನ್ ಹಂಗಂದ್ರ?”

“ಸೌಟು ತಗಲಿದ್ರ ಸಣ್ಣಜ್ಜಿಗೆ ನೋವಾಗತೈತಿ ಅಂತ ಇಷ್ಟು ವರ್ಷ ಕಾದ್ರಿ. ಪಪ್ಪಾ ನಿದ್ದಿಗಣ್ಣಿನ್ಯಾಗ ಆಕಿ ಬಾಯಾಗ ರೊಟ್ಟಿ ಹಾಕ್ಯಾರ. ಔಷಧ ಏನು ಅಂತ ಕೇಳಿದ್ಲು. ಹೂಂ ಅಂದ್ರು. ನಾ ಕೇಳೇನಿ.”

ರೆಬೆಕಾ ಸೌಟು ಹಿಡಿದೇ ನಿಂತಳು. ಫ್ಲೋರೆನ್ಸಬಾಯಿ ಮಗನ ಮುಖ ನೋಡಿದರು.

“ನೀನ ಹೇಳಿದ್ದಿ ಅವ್ವಾ,” ಎಂದ ತಿಮೋತಿ, ಸಣ್ಣ ಹುಡುಗನ ಹಾಗೆ. “ಹೆಂಗಾರ ಮಾಡಿ ಹಾಕು ಅಂತ.”

“ಒಪ್ಪಿಸಿ ಹಾಕು ಅಂದಿದ್ದೆ! ಕಳ್ಳತನಲೆ ಹಾಕು ಅಂದಿದ್ನೇನೋ? ಅದೇನು ಇಲಿ ಔಷಧೇನು?”

“ಆಕಿ ಸಲುವಾಗಿ ಮಾಡೇನಿ! ಬೀದಿಗೆ ಬೀಳಬಾರದು ಅಂತ!”

“ಗಬ್ಬೂರಿಗೆ ಬಂದವರೂ ಹಿಂಗ ಅಂದಿದ್ರು ಪಪ್ಪಾ,” ಎಂದಳು ಜೆಸ್ಲಿನ್. ದನಿ ಏರಿತ್ತು. “ನಿಮ್ಮ ಛಲೋದಕ್ಕ ಬಂದೇವಿ ಅಂತ. ನೀವು ಹೇಳ್ತೀರೋ ಆಕಿಗೆ, ನಾ ಹೇಳ್ಲೋ?”

ಹೇಳುತ್ತೇನೆ ಅಂದ ತಿಮೋತಿ ಎರಡು ಸಲ ಕಾಕುವಿನ ಬಾಗಿಲ ತನಕ ಹೋಗಿ, ನಲ್ಲಿಯ ನೀರು ಬರುತ್ತದೋ ಇಲ್ಲವೋ ಎಂದು ವಿಚಾರಿಸಿ ಮರಳಿದ. ಕೊನೆಗೆ ಜೆಸ್ಲಿನ್ನೇ ಹೇಳಿದಳು. ಅಂದಿನಿಂದ ಐದನೆಯ ತಾಟು ಬೀಳಲಿಲ್ಲ. ಕಾಕು ಧಾಮದ ಸಾಮೂಹಿಕ ಊಟದ ಹಾಲಿಗೆ ಹೋಗಿ ಮೂಲೆಯಲ್ಲಿ ಕೂತು ಉಣ್ಣತೊಡಗಿದಳು. ಬೆಳಗಿನ ಹಾಡೂ ನಿಂತಿತು. ರೆಬೆಕಾ ಎರಡು ದಿನ ಬೇಳೆಯ ಪಾತೇಲಿ ಒಯ್ದುಕೊಟ್ಟಳು. ಎರಡೂ ದಿನ ತೊಳೆದ ಪಾತೇಲಿಯ ಜೊತೆ, ಮುಟ್ಟದ ಬೇಳೆ ಬೇರೆ ಡಬ್ಬಿಯಲ್ಲಿ ತುಂಬಿ ವಾಪಸು ಬಂತು.

ತಿಮೋತಿ ಆಕೆಯನ್ನು ಎದುರಿಸಿದ್ದು ನೀರಿನ ಟಾಕಿಯ ಹತ್ತಿರ, ಆಕಸ್ಮಿಕವಾಗಿ. ಅವನು ಬೇರೆ ದಾರಿ ಹಿಡಿಯುವಷ್ಟರಲ್ಲಿ ಆಕೆ ಎದುರಿಗೇ ಇದ್ದಳು.

“ಕಾಕು, ನಾ...”

“ನಾ ಕೇಳಿದ್ದೆ,” ಎಂದಳು ಕಾಕು. “ಔಷಧ ಏನೋ ಅಂತ ಕೇಳಿದ್ದೆ ನಿನ್ನ. ಬ್ಯಾರೆ ಯಾರ್ ಕೈ ಆಗಿದ್ರೂ ನಾ ಕಣ್ಣು ತಗದು ನೋಡ್ತಿದ್ದೆ.”

ಅಷ್ಟು ಹೇಳಿ ಆಕೆ ನಡೆದಳು. ಬೈದಿದ್ದರೆ ತಿಮೋತಿಗೆ ಎಷ್ಟೋ ಹಗುರಾಗುತ್ತಿತ್ತು. ಆ ದಿನ ಅವನು ಯಾರ ಮುಖವನ್ನೂ ನೋಡದೆ ಆಫೀಸಿನ ಬಾಗಿಲು ಮುಚ್ಚಿಕೊಂಡು ಕೂತ.

ಆದರೆ ಜಗಳದ ಮಾತುಗಳು ಮನೆಯಲ್ಲೇ ಉಳಿದಿರಲಿಲ್ಲ. ಅವರ ಊಟದ ಮನೆಯ ಕಿಟಕಿಯ ಎದುರಿಗಿದ್ದದ್ದು ಡೆನ್ನಿಸರ ಕೋಣೆ. ರೈಲ್ವೆ ಗಾರ್ಡಾಗಿದ್ದ ಡೆನ್ನಿಸರಿಗೆ ಕಣ್ಣು ಮಂದವಾಗಿತ್ತೇ ಹೊರತು ಕಿವಿ ಮಂದವಾಗಿರಲಿಲ್ಲ. ಕಾಕುವಿನ ಮೇಲೆ ಅವರಿಗೇನೂ ಕನಿಕರ ಬಂದಿರಲಿಲ್ಲ. ಕರ್ತನ ಭೋಜನಕ್ಕೆ ಅಪಚಾರವಾಯಿತೆಂದು ಅವರ ಜೀವ ಕುದಿಯುತ್ತಿತ್ತು. ನಂಬಿಕೆಯಿಲ್ಲದವರ ಬಾಯಿಗೆ ಸುಳ್ಳು ಹೇಳಿ ಹಾಕಿದ್ದು ಖರೆಯಾದರೆ ಮೇಲ್ವಿಚಾರಕನನ್ನು ತೆಗೆಯಬೇಕೆಂದು ಕಮಿಟಿಯಲ್ಲಿ ಪಟ್ಟು ಹಿಡಿದರು.

ಸುದ್ದಿ ಕೇಳಿ ರೆಬೆಕಾ ಒಲೆಯ ಮುಂದೆ ಕೂತು ಅತ್ತಳು. “ಹೋಗಿ ಖರೇ ಹೇಳಿ ಬರ್ರಿ,” ಎಂದಳು ಕೊನೆಗೆ. “ಮನಿ ಹೋದ್ರ ಹೋಗ್ಲಿ. ಈ ಅಡಿಗಿಮನ್ಯಾಗ ನನಗ ಸೌಟು ಹಿಡಿಯಾಕ ಕೈ ಬರವಲ್ದು.”

“ಹೇಳ್ತೇನಿ,” ಎಂದ ತಿಮೋತಿ. ಆ ಹೊತ್ತಿಗೆ ಮನಸ್ಸಿನಲ್ಲಿದ್ದದ್ದೂ ಅದೇ.

ಕಮಿಟಿಯ ಕೋಣೆಯಲ್ಲಿ ಅಧ್ಯಕ್ಷರು, ಸಭಾಪಾಲಕರು, ಡೆನ್ನಿಸ್, ಇನ್ನಿಬ್ಬರು ಹಿರಿಯರು. ಕಾಕುವನ್ನು ಕರೆಸಿ ಕುರ್ಚಿ ಹಾಕಿಕೊಟ್ಟರು. ತಿಮೋತಿ ಗೋಡೆಗೆ ಒರಗಿ ನಿಂತಿದ್ದ. ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಒಂದೇ ವಾಕ್ಯ.

“ತಿಮೋತಿಯವರ, ನೀವು ಏನಂತೀರಿ?” ಎಂದರು ಅಧ್ಯಕ್ಷರು.

ತಿಮೋತಿ ಬಾಯಿ ತೆರೆದ. ಎಲ್ಲರೂ ಅವನತ್ತ ತಿರುಗಿದ್ದರು. ಗಬ್ಬೂರಿನ ದಿನದಿಂದ ತನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ಮುಖಗಳೇ ಅವು. ಅವನು ನೀರಿನ ಲೋಟಕ್ಕೆ ಕೈ ಹಾಕಿದ.

ಕಾಕು ಅವನನ್ನು ನೋಡಿದಳು. ಲೋಟ ಅವನ ತುಟಿಯಿಂದ ಇಳಿಯದ್ದನ್ನೂ ನೋಡಿದಳು.

“ಅವನ್ನ ಯಾಕ ಕೇಳ್ತೀರಿ?” ಎಂದಳು. “ತೊಗೊಂಡಾಕಿ ನಾನು. ನನ್ನ ಕೇಳ್ರಿ.”

“ರೂತಮ್ಮನವರ,” ಎಂದರು ಸಭಾಪಾಲಕರು ಮೆಲ್ಲಗೆ, “ನೀವು ತಿಳದು ತೊಗೊಂಡ್ರೇನು? ನಿಮ್ಮ ಮನಸ್ಸಿನಿಂದ?”

“ಹೌದ್ರಿ. ನಾನ ಕೇಳಿದ್ದೆ. ತಿಳದ ತೊಗೊಂಡೀನಿ.”

ಅದುವರೆಗೆ ನಿಂತೇ ಇದ್ದ ಡೆನ್ನಿಸ್ ಕೂತರು. ಸಭಾಪಾಲಕರು ಕಣ್ಣೊರೆಸಿಕೊಂಡರು. ಅಧ್ಯಕ್ಷರು ಚಹಾ ತರಿಸಿದರು. ತಿಮೋತಿಯ ಒಂದೇ ವಾಕ್ಯ ಹೊಟ್ಟೆಯಲ್ಲೇ ಉಳಿಯಿತು. ಇನ್ನೂ ಹೊತ್ತು ಮೀರಿರಲಿಲ್ಲ, ಕಪ್ಪುಗಳು ಖಾಲಿಯಾಗುವ ತನಕವೂ ಮೀರಿರಲಿಲ್ಲ. ಅವನು ಎಲ್ಲರಿಗೂ ಬಿಸ್ಕೀಟಿನ ತಾಟು ಹಿಡಿದ.

ಹೊರಗೆ ಕಟ್ಟೆಯ ಹತ್ತಿರ ಅವನು ಆಕೆಯ ಹಿಂದೆ ಓಡಿದ. “ಕಾಕು, ಯಾಕ ಹಂಗಂದಿ? ನಾ ಖರೇ ಹೇಳಿಬಿಡ್ತೇನಿ. ಈಗ ಹೋಗಿ ಹೇಳ್ತೇನಿ.”

“ಒಳಗ ಹೇಳಬೇಕಿತ್ತು,” ಎಂದಳು ಕಾಕು. “ಈಗ ಹೇಳಿದ್ರ ನೀನೂ ಸುಳ್ಳ, ನಾನೂ ಸುಳ್ಳಿ. ರೆಬೆಕಾ ಅತ್ತಗೋತ ಬಂದಿದ್ದಳು ನಿನ್ನೆ, ಕ್ಷಮಾ ಕೇಳಿ ಹೋದಳು. ಆ ಹುಡುಗಿ ಮನಿ ಯಾಕ ಹೋಗಬೇಕು, ನಿನ್ನ ಪುಕ್ಕಲುತನಕ್ಕ?”

“ಆದ್ರ ಇನ್ನ ಮ್ಯಾಲ...”

“ಇನ್ನ ಮ್ಯಾಲ ಬರ್ತೀನಿ. ಬರಬೇಕಲ್ಲ? ತಿಳದು ತೊಗೊಂಡೀನಿ ಅಂದಾಕಿ ಮುಂದಿನ ತಿಂಗಳ ಬ್ಯಾಡ ಅಂದ್ರ ನಿನ್ನ ಮತ್ತ ಗ್ವಾಡಿಗೆ ನಿಲ್ಲಸ್ತಾರ.”

ಅಂದು ಮಧ್ಯಾಹ್ನ ಕಾಕು ಊಟಕ್ಕೆ ಬಂದಳು. ಐದು ತಾಟು ಬಿದ್ದವು. ರೆಬೆಕಾ ಬೇಳೆಯನ್ನು ಬೇರೆ ಸೌಟಿನಿಂದಲೇ ಬಡಿಸಿದಳು. ಫ್ಲೋರೆನ್ಸಬಾಯಿ ನೆಗೆಣ್ಣಿಯ ಅನ್ನಕ್ಕೆ ತಾವೇ ತುಪ್ಪ ಹಾಕಿದರು. ಜೆಸ್ಲಿನ್ ತಂದೆಯ ಕಡೆಗೆ ಉಪ್ಪಿನಕಾಯಿ ಸರಿಸಿದಳು, ಮುಖ ಮಾತ್ರ ನೋಡಲಿಲ್ಲ. ಎಲ್ಲರೂ ಮಳೆಯ ಬಗ್ಗೆ, ಟೊಮ್ಯಾಟೊ ದರದ ಬಗ್ಗೆ ಮಾತಾಡಿದರು.

ಮುಂದಿನ ತಿಂಗಳ ಮೊದಲ ರವಿವಾರ ಕಾಕು ಬಿಳಿಯ ಇಳಕಲ್ ಸೀರೆಯುಟ್ಟು ಮಂದಿರಕ್ಕೆ ಬಂದಳು. ಫ್ಲೋರೆನ್ಸಬಾಯಿಯ ಮಗ್ಗುಲಲ್ಲಿ, ಎರಡನೆಯ ಸಾಲಿನಲ್ಲಿ ಕೂತಳು. ಜೆಸ್ಲಿನ್ ಆವತ್ತು ಲ್ಯಾಬಿನಲ್ಲಿ ಡ್ಯೂಟಿ ಹಾಕಿಸಿಕೊಂಡಿದ್ದಳು. ಹಾಡಾಯಿತು, ಪಾಪನಿವೇದನೆಯಾಯಿತು. ತಿಮೋತಿ ಎಲ್ಲರೊಂದಿಗೆ ಮೊಣಕಾಲೂರಿ ಗಟ್ಟಿಯಾಗಿ ಆ ಮಾತುಗಳನ್ನು ಹೇಳಿ, ಎದ್ದು ಬಟ್ಟಲುಗಳ ತಟ್ಟೆ ಹಿಡಿದ.

ಸಭಾಪಾಲಕರು ಎರಡನೆಯ ಸಾಲಿಗೆ ಬಂದರು. “ರೂತಮ್ಮನವರೇ,” ಎಂದು ಪ್ರೀತಿಯಿಂದ ಹೆಸರು ಹಿಡಿದು ಕರೆದು ರೊಟ್ಟಿ ಕೊಟ್ಟರು. ಕಾಕು ಎರಡೂ ಕೈ ಚಾಚಿ ತೆಗೆದುಕೊಂಡು ಬಾಯಿಗಿಟ್ಟಳು. ಹಿಂದೆ ತಿಮೋತಿ ನಿಂತ. ಮೂರನೆಯ ಸಾಲಿನಿಂದ ಡೆನ್ನಿಸ್ ಕತ್ತು ಚಾಚಿ ನೋಡುತ್ತಿದ್ದರು. ಕಾಕು ಈ ಸಲ ಕಣ್ಣು ಪೂರ್ತಿ ತೆರೆದು ಅವನ ಮುಖ ನೋಡಿದಳು, ಒಂದು ಬಟ್ಟಲು ತೆಗೆದುಕೊಂಡು ಕುಡಿದಳು, ಖಾಲಿ ಬಟ್ಟಲನ್ನು ತಟ್ಟೆಯಲ್ಲಿಟ್ಟಳು.

ತಿಮೋತಿ ಖಾಲಿ ಬಟ್ಟಲನ್ನೇ ನೋಡುತ್ತ ಅಲ್ಲೇ ನಿಂತ.

“ಮುಂದ ನಡಿಯೋ,” ಎಂದಳು ಕಾಕು, ಅವನಿಗಷ್ಟೇ ಕೇಳುವ ಹಾಗೆ. “ನಿಮ್ಮವ್ವ ಕಾಯ್ಲಿಕತ್ತಾಳ.”

ತಿಮೋತಿ ಮುಂದೆ ನಡೆದ.